ಗೌಡರ ಹಸಿರು ಕಾರಿನ ಎರಡನೇ ಗೇರು

ಪೂರಿಗಾಲಿಯ ಗೌಡರು ಕಾರನ್ನು ನನ್ನ ವರ್ಕ್‌ಶಾಪಿನ ಮುಂದೆ ತಂದು ನಿಲ್ಲಿಸಿ, ಇಂಜಿನ್ ಆರಿಸದೆ, ಕೆಳಗೂ ಇಳಿಯದೆ, ಕಿಟಕಿಯಿಂದಲೇ ಕೂಗಿದರು.

"ಅಯ್ನೋರೆ, ಬನ್ನಿ ಈಚ್ಗೆ. ಮಾತು ಕೊಟ್ಬುಟ್ಟಿವ್ನಿ. ಅದನ್ನ ಉಳಿಸೋದು ಈಗ ನಿಮ್ಮ ಕೈಲದೆ."

ನಾನು ಮೇಷ್ಟರ ಮಗ. ಹಾಗಾಗಿ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡಿದ್ದರೂ ಗೌಡರಿಗೆ ಅಯ್ನೋರೇ. ಮಂಡ್ಯದಲ್ಲಿ ಮೈಸೂರು ರಸ್ತೆಯ ಪಕ್ಕದ ನನ್ನ ಶೆಡ್ಡಿಗೆ ಬರುತ್ತಿದ್ದುದು ಹೆಚ್ಚಾಗಿ ಕಬ್ಬಿನ ಲಾರಿಗಳು. ಪೆಟ್ರೋಲ್ ಬೆಲೆ ಏರಿ, ಕಾರಿದ್ದವರು ಅದಕ್ಕೆ ಟಾರ್ಪಾಲು ಹೊದಿಸಿ ಬಸ್ಸು ಹತ್ತುತ್ತಿದ್ದ ವರ್ಷಗಳು ಅವು. ಅಂಥದ್ದರಲ್ಲಿ ಈ ಗೌಡರು ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಬಾಗಿಲಿನ, ಎರಡು ಕಾರ್ಬುರೇಟರಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳಗಿದ್ದ ಒಂದು ಹಸಿರು ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿದ್ದರು. ಸಕ್ಕರೆ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಮಾರಿದ್ದು. ಐವತ್ತು ದಾಟಿದ, ಕಬ್ಬು ಬೆಳೆಯುವ, ಮಾತಿನಲ್ಲಿ ಮುಲಾಜೇ ಇಲ್ಲದ ಆ ಮನುಷ್ಯ ಕಾರಿನ ಬಾಗಿಲು ಹಾಕುವಾಗ ಮಾತ್ರ ಮಲಗಿದ ಮಗುವಿನ ಕೋಣೆಯ ಬಾಗಿಲು ಹಾಕುವಷ್ಟು ಮೆಲ್ಲಗೆ ಹಾಕುತ್ತಿದ್ದರು.

ಆದದ್ದಿಷ್ಟು. ಹಿಂದಿನ ಭಾನುವಾರ ಶಿಂಷಾ ಕಡೆಯ ಏರಿನಲ್ಲಿ ಗೌಡರ ಕಾರು ಏದುಸಿರು ಬಿಡುತ್ತಾ ಹತ್ತುತ್ತಿದ್ದಾಗ ಬೆಂಗಳೂರಿನ ಸಾಹುಕಾರರೊಬ್ಬರು ತಮ್ಮ ಕಾರಿನಲ್ಲಿ ಅದನ್ನು ದಾಟಿ ಹೋಗಿದ್ದಾರೆ. ಅವರದ್ದು ಊರಲ್ಲೆಲ್ಲ ಕಾಣುವಂಥ ನಾಲ್ಕು ಬಾಗಿಲಿನ ಕಾರೇ. ಆದರೆ ಇಂಜಿನ್ನಿನ ಹೆಡ್ ತೇಯಿಸಿ, ದೊಡ್ಡ ಕಾರ್ಬುರೇಟರ್ ಹಾಕಿಸಿ, ಸೈಲೆನ್ಸರ್ ಬದಲಾಯಿಸಿ ಓಟಕ್ಕೆ ತಯಾರು ಮಾಡಿಸಿದ್ದು. ಏರಿನ ತುದಿಯಲ್ಲಿ ಕಾದು ನಿಂತು ಅವರು ಗೌಡರಿಗೆ, "ನೀವೂ ಸಾಮಾನು ಬದಲಾಯಿಸಿ, ಇಲ್ಲಾ ನನಗೆ ಮಾರಿ. ಕಂಪನಿಯಿಂದ ಬಂದ ಹಾಗೇ ಇಟ್ಟುಕೊಂಡು ಬರೀ ಟ್ಯೂನಿಂಗ್ ಮಾಡಿಸೋದು ಅಂದ್ರೆ ಕಾರಿಗೆ ಸ್ನಾನ ಮಾಡಿಸಿದ ಹಾಗೆ" ಅಂದರಂತೆ. ಗೌಡರಿಗೆ ರೇಗಿದೆ. ಒಂದು ಸಾಮಾನನ್ನೂ ಹೊಸದಾಗಿ ಹಾಕದೆ ಇದೇ ಏರಿನಲ್ಲಿ ನಿಮ್ಮ ಬೆನ್ನಿಗೇ ಬರುತ್ತೇನೆ, ತುದಿ ಮುಟ್ಟುವಾಗ ನಿಮ್ಮ ಕನ್ನಡಿಯಲ್ಲಿ ನಾನು ಕಾಣದಿದ್ದರೆ ನೀವು ಹೇಳಿದ ಬೆಲೆಗೆ ಕಾರು ನಿಮ್ಮದು ಅಂದುಬಿಟ್ಟಿದ್ದಾರೆ. ಅದೂ ನಾಲ್ಕು ಜನರ ಮುಂದೆ. ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ನಿಗದಿಯೂ ಆಗಿದೆ.

ನನಗೆ ಸಿಟ್ಟು ಬಂತು. ಮಾತು ಕೊಡುವ ಮುಂಚೆ ಒಂದು ಸಲ ನನ್ನನ್ನು ಕೇಳಬಹುದಿತ್ತಲ್ಲ! ನಿಜ ಹೇಳಬೇಕೆಂದರೆ ನನ್ನ ಅಭಿಪ್ರಾಯವೂ ಸಾಹುಕಾರರದ್ದೇ ಆಗಿತ್ತು. ಪ್ಲಗ್ಗು ಉಜ್ಜಿ, ಪಾಯಿಂಟು ಸರಿ ಮಾಡಿ, ಕಾರ್ಬುರೇಟರ್ ತೊಳೆದರೆ ಇಂಜಿನ್ ನಯವಾಗಿ ಓಡೀತು, ಇಲ್ಲದ ಶಕ್ತಿ ಎಲ್ಲಿಂದ ಬರಬೇಕು? ಅದನ್ನೇ ಹೇಳಿದೆ.

"ಇಲ್ದೇ ಇರೋದ್ನ ತನ್ನಿ ಅಂತ ನಾನ್ ಕೇಳ್ದ್ನಾ?" ಅಂದರು ಗೌಡರು. "ಇರೋದ್ನ ಎಲ್ಲಾ ಈಚ್ಗೆ ತೆಗೀರಿ. ಅಷ್ಟೇಯ."

ಮೊದಲ ದಿನ ವಾಲ್ವು ತೆರೆಯುವ ಟ್ಯಾಪೆಟ್ಟುಗಳ ಸಂದು ಸರಿಪಡಿಸಿದೆ. ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಅರದಿಂದ ಉಜ್ಜಿ ಸಮ ಮಾಡಿದೆ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಹಿಡಿದು, ಎರಡೂ ಒಂದೇ ಸಮನಾಗಿ ಗಾಳಿ ಎಳೆಯುವವರೆಗೆ ತಿರುಪು ತಿರುಗಿಸಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ನೋಡಿದರೆ, ವೇಗ ಹೆಚ್ಚಿದ ಹಾಗೆ ಕಿಡಿಯನ್ನು ಮುಂದೆ ತರಬೇಕಾದ ಪುಟ್ಟ ತೂಕಗಳು ತುಕ್ಕು ಹಿಡಿದು ಕೂತಿದ್ದವು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಬಿಡಿಸಿದೆ. ಇಷ್ಟೆಲ್ಲ ಆದ ಮೇಲೆ ಮದ್ದೂರಿನವರೆಗೆ ಓಡಿಸಿಕೊಂಡು ಹೋಗಿ ಬಂದೆ. ಇಂಜಿನ್ ಚೊಕ್ಕವಾಗಿ ತಿರುಗುತ್ತಿತ್ತು, ಆದರೆ ಜೀವ ಇರಲಿಲ್ಲ.

ಮರುದಿನ ಸಿಲಿಂಡರುಗಳೊಳಗಿನ ಒತ್ತಡ, ಅಂದರೆ ಕಂಪ್ರೆಷನ್, ಅಳೆದೆ. ನಾಲ್ಕೂ ಸಿಲಿಂಡರಿನಲ್ಲಿ ಕಡಿಮೆ, ಅದೂ ನಾಲ್ಕರಲ್ಲೂ ಒಂದೇ ಸಮ. ಇದು ನನ್ನ ತಲೆ ಕೆಡಿಸಿತು. ಸವೆತ ಅನ್ನುವುದು ಹೀಗೆ ಪಾಲು ಹಂಚಿದ ಹಾಗೆ ಬರುವುದಿಲ್ಲ; ಒಂದು ಸಿಲಿಂಡರು ಹೆಚ್ಚು ಸವೆದರೆ ಇನ್ನೊಂದು ಕಡಿಮೆ ಸವೆದಿರುತ್ತದೆ. ಪ್ಲಗ್ಗಿನ ತೂತಿನಿಂದ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದೆ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಮೀಟರಿನ ಮುಳ್ಳು ಮೇಲೇರಬೇಕು. ಹೇಳಿಕೊಳ್ಳುವಷ್ಟು ಏರಲಿಲ್ಲ. ರಿಂಗಲ್ಲ; ನಾಲ್ಕರ ವಾಲ್ವುಗಳೂ ಒಂದೇ ಸಮ ಸೋರುವುದಿಲ್ಲ; ಹಾಗಾದರೆ ಇನ್ನೇನು? ಸಿಲಿಂಡರುಗಳ ಮೇಲಿನ ಮುಚ್ಚಳ, ಅದೇ ಹೆಡ್, ಬಿಚ್ಚದೆ ದಾರಿ ಇರಲಿಲ್ಲ.

ಬಿಚ್ಚಿದೆ. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ, ಒತ್ತಡ ಸೋರದಂತೆ ಕೂರಿಸುವ ತಾಮ್ರದ ಗ್ಯಾಸ್ಕೆಟ್ ಒಂದು ಇರಬೇಕಾದಲ್ಲಿ ಎರಡು ಇದ್ದವು, ಒಂದರ ಮೇಲೊಂದು!

ಗೌಡರು ಇಣುಕಿ ನೋಡಿದರು. ಮುಖ ಕಪ್ಪಿಟ್ಟಿತು. ಆಗಲೇ ಬಸ್ಸು ಹತ್ತಿ ಊರಿಗೆ ಹೋದವರು, ಮಾರನೆಯ ಬೆಳಿಗ್ಗೆ ತಮ್ಮೂರ ಪಂಪ್‌ಸೆಟ್ ಮೇಸ್ತ್ರಿಯನ್ನು ಜೊತೆಗೇ ಎಳೆದುಕೊಂಡು ಬಂದರು. ಇಬ್ಬರೂ ಒಂದೇ ವಾರಿಗೆಯವರು, ಚಡ್ಡಿ ಹಾಕುವ ಮುಂಚಿನಿಂದ ಸ್ನೇಹಿತರು.

"ಏನ್ಲಾ ಇದು?"

"ಗ್ಯಾಸ್ಕಿಟ್ಟು ಕಣ್ಲಾ. ಕಾರು ಮಾರಿದ ಆ ದೊರೆ ಡಿಕ್ಕಿನಾಗೆ ಒಂದು ಬುಟ್ಟು ಓಗಿರ್ನಿಲ್ವಾ? ಅದೇಯ."

"ಯಾಕ್ಲಾ ಆಕ್ದೆ?"

"ಏರಿನಾಗೆ ಕಟಕಟ ಅಂತದೆ, ನಿಲ್ಸ್ಲಾ ಅಂತ ಬಡ್ಕಂಡೋನು ಯಾರು? ನೀನೇ ತಾನೆ? ನಿಲ್ಸಿದೆ. ನಿಂತೋ ಇಲ್ವೋ?"

"ಕಟಕಟಾನೂ ನಿಂತೋಯ್ತು, ಕಾರೂ ನಿಂತೋಯ್ತಲ್ಲೋ!"

ಮೇಸ್ತ್ರಿಯ ಲೆಕ್ಕ ಅವನ ಮಟ್ಟಿಗೆ ಸರಿಯೇ. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಪಂಪುಗಳಿಗೆ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಗ್ಯಾಸ್ಕೆಟ್ ದಪ್ಪ ಮಾಡಿದರೆ ಒತ್ತಡ ಇಳಿಯುತ್ತದೆ, ಇಂಜಿನ್ ಒದೆಯುವುದು ನಿಲ್ಲುತ್ತದೆ, ನೀರು ಬರುತ್ತಲೇ ಇರುತ್ತದೆ. ಗದ್ದೆಗೆ ನೀರು ಹಾಯಿಸುವುದಕ್ಕೆ ಅಷ್ಟು ಸಾಕು. ಓಡಲೆಂದೇ ಹುಟ್ಟಿದ ಕಾರಿಗೆ ಅದು ಬಾಯಿಗೆ ಬಟ್ಟೆ ತುರುಕಿದ ಹಾಗೆ. ಯಾರೂ ಕೈ ಹಾಕಿಲ್ಲ, ಕಂಪನಿಯಿಂದ ಬಂದ ಹಾಗೇ ಇದೆ ಎಂದು ನಾನೂ ಸಾಹುಕಾರರೂ ನಂಬಿದ್ದ ಕಾರಿಗೆ ಪೂರಿಗಾಲಿಯ ಪಂಪ್‌ಹೌಸಿನಲ್ಲಿ ರಿಪೇರಿ ಆಗಿತ್ತು.

ಒಂದನ್ನು ತೆಗೆಯುವುದು ಹೊಸದಾಗಿ ಹಾಕಿದ ಹಾಗಲ್ಲವಾದ್ದರಿಂದ ಮಾತಿಗೆ ಭಂಗವಿಲ್ಲ ಎಂದೆ. ಗೌಡರು ಒಪ್ಪಿದರು, ಆದರೆ ತೆಗೆದದ್ದನ್ನು ಎಸೆಯಬೇಡಿ, ಸಾಹುಕಾರರಿಗೆ ತೋರಿಸಬೇಕು ಅಂದರು. ಉಳಿದದ್ದು ಹಳೆಯ ಗ್ಯಾಸ್ಕೆಟ್, ಒತ್ತಿ ಒತ್ತಿ ಗಟ್ಟಿಯಾಗಿತ್ತು. ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಬ್ಲೋಲ್ಯಾಂಪಿನಿಂದ ಕಾಯಿಸಿ, ಅದ್ದಿ, ಕೂರಿಸಿ, ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಒಂದೊಂದೇ ಬೋಲ್ಟು ಬಿಗಿದೆ. ಇಂಜಿನ್ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ; ಗ್ಯಾಸ್ಕೆಟ್ ಸೋರುತ್ತಿತ್ತು. ಒಂದು ಕಡೆ ಕಾದು ಇನ್ನೊಂದು ಕಡೆ ಕಾಯದೆ ತಾಮ್ರ ಅಲ್ಲಲ್ಲಿ ಗಟ್ಟಿಯಾಗೇ ಉಳಿದಿತ್ತು. ಮತ್ತೆ ಬಿಚ್ಚಿದೆ, ಮತ್ತೆ ಕಾಯಿಸಿದೆ, ಮತ್ತೆ ಗುಳ್ಳೆ. ಸ್ಪ್ಯಾನರನ್ನು ಗೋಡೆಗೆ ಎಸೆದೆ. ಅದೇನೂ ಹೇಳಿಕೊಳ್ಳುವ ವಿಷಯವಲ್ಲ, ಆದರೆ ಎಸೆದೆ.

"ಇಡೀ ಒಂದೇ ಸಮಕ್ಕೆ ಕಾಯ್ಬೇಕು ತಾನೆ?" ಅಂದರು ಗೌಡರು. "ಆಲೆಮನೆ ಒಲೆ ಸಾಕಾಗಕಿಲ್ವಾ?"

ನನಗೆ ಹೊಳೆಯದೇ ಹೋದದ್ದು ಅದು. ಮಂಡ್ಯದ ಪಕ್ಕದ ಹೊಳಲಿನಲ್ಲಿ ಅವರ ನೆಂಟರ ಆಲೆಮನೆ ಇತ್ತು. ಕಬ್ಬಿನ ಸಿಪ್ಪೆ ತಿನ್ನುತ್ತಾ ಒಂದೇ ಸಮ ಉರಿಯುವ ಒಲೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕಬ್ಬಿಣದ ತಗಡಿನ ಮೇಲೆ ಗ್ಯಾಸ್ಕೆಟ್ ಮಲಗಿಸಿ ಒಲೆಯ ಬಾಯಿಗೆ ತಳ್ಳಿದೆವು. ಬೆಲ್ಲ ಕಾಯಿಸುವವನು, "ಅಯ್ನೋರೆ, ಪಾಕ ನೋಡಿ ತೆಗೀರಿ, ಅತ್ಕಂಡೀತು" ಎಂದು ಗೇಲಿ ಮಾಡಿದ. ತಾಮ್ರ ತುದಿಯಿಂದ ತುದಿಯವರೆಗೆ ಒಂದೇ ಬಣ್ಣಕ್ಕೆ ತಿರುಗಿತು. ಈಚೆಗೆಳೆದು ನೀರಿನ ತೊಟ್ಟಿಗೆ ಅದ್ದಿದೆ. ಕೈಗೆತ್ತಿಕೊಂಡರೆ ಅದು ಬಾಳೆ ಎಲೆಯಂತೆ ಬಾಗುತ್ತಿತ್ತು. ಅವತ್ತು ಕೂರಿಸಿದ ಹೆಡ್ ಒಂದು ತೊಟ್ಟು ನೀರನ್ನೂ ಬಿಡಲಿಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಎಲ್ಲಿರಬೇಕೋ ಅಲ್ಲಿಗೆ ಬಂದು ನಿಂತಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಸಂತೋಷ ಮಳವಳ್ಳಿ ರಸ್ತೆಯ ಮೊದಲ ದಿಣ್ಣೆಯವರೆಗೆ ಉಳಿಯಿತು. ಗೌಡರೇ ಓಡಿಸುತ್ತಿದ್ದರು. ಏರು ಸಿಕ್ಕಿದ ಕೂಡಲೇ ಇಂಜಿನ್ ಒಳಗೆ ಯಾರೋ ಕಲ್ಲು ಕುಟ್ಟಿದ ಹಾಗೆ ಕಟಕಟ ಶುರುವಾಯಿತು. ಕಿಡಿ ಒಂದಿಷ್ಟು ತಡವಾಗಲೆಂದು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ಕಟಕಟ ಕಡಿಮೆಯಾಯಿತು, ಜೀವವೂ ಕಡಿಮೆಯಾಯಿತು. ಮುಂದಕ್ಕೆ ತಿರುಗಿಸಿದರೆ ಜೀವ ಬಂತು, ಕಟಕಟವೂ ಬಂತು. ಎರಡು ದಿನ ಇದೇ ಆಟ. ನಮ್ಮ ಬಂಕಿನ ಪೆಟ್ರೋಲ್ ಇಂಥ ಇಂಜಿನ್ನಿಗೆ ಸಪ್ಪೆ ಎನ್ನುವುದು ಗೊತ್ತಿದ್ದದ್ದೇ. ಕಟಕಟ ನಿಲ್ಲಲು ಸಕ್ಕರೆ ಕಾರ್ಖಾನೆಯ ಸ್ಪಿರಿಟ್ ಒಂದಿಷ್ಟು ಬೆರೆಸೋಣವೇ ಎಂದೂ ಯೋಚಿಸಿದೆ. ಗೌಡರು ಬೇಡವೆಂದರು; ಬಂಕಿನಲ್ಲಿ ಸಿಗುವುದರಲ್ಲೇ ಹತ್ತಬೇಕಂತೆ. ಹಾಗಾದರೆ ಆ ಎರಡನೇ ಗ್ಯಾಸ್ಕೆಟ್ಟನ್ನೇ ವಾಪಸು ಹಾಕಿ, ಕಾರು ಹೋದರೆ ಹೋಗಲಿ ಎಂದು ಕೈಚೆಲ್ಲುವುದೊಂದೇ ಉಳಿಯಿತು.

ಮೂರನೆಯ ದಿನ ದಿಣ್ಣೆಯ ಬುಡದಲ್ಲಿ ಬಾನೆಟ್ ತೆರೆಯಲು ಹೋದವನು ತೆರೆಯಲಿಲ್ಲ. ಇನ್ನು ಇಂಜಿನ್ನಿಗೆ ಕೈ ಹಾಕುವುದು ಬೇಡ, ಗೌಡರನ್ನು ನೋಡೋಣ ಎನ್ನಿಸಿತು. ಪಕ್ಕದಲ್ಲಿ ಕೂತು ಅವರ ಕೈಕಾಲು ಗಮನಿಸಿದೆ. ಕಾರು ಹೊರಟ ನಾಲ್ಕು ಮಾರಿಗೆ ಎರಡನೇ ಗೇರು, ಇನ್ನು ನಾಲ್ಕು ಮಾರಿಗೆ ಮೂರನೆಯದು, ರಸ್ತೆಬದಿಯ ಮರ ದಾಟುವುದರೊಳಗೆ ನಾಲ್ಕನೆಯದು. ಆಮೇಲೆ ಏರು ಬಂದಾಗ ಅದೇ ನಾಲ್ಕನೇ ಗೇರಿನಲ್ಲಿ ಪೆಡಲನ್ನು ಪೂರಾ ಒತ್ತುತ್ತಿದ್ದರು. ಟ್ರ್ಯಾಕ್ಟರನ್ನು ಹಾಗೆ ಓಡಿಸಬಹುದು. ಇದನ್ನಲ್ಲ.

"ಗೌಡ್ರೆ, ಎರಡರಲ್ಲೇ ಬಿಡಿ. ಏರಿಸಬೇಡಿ."

ಎರಡರಲ್ಲೇ ಬಿಟ್ಟರು. ಇಂಜಿನ್ನಿನ ದನಿ ಏರಿತು. ಅದು ಚೀರುವ ಹೊತ್ತಿಗೆ ಅವರ ಕೈ ತಾನಾಗೇ ಗೇರಿಗೆ ಹೋಯಿತು.

"ಯಾಕೆ ಬದಲಾಯಿಸಿದ್ರಿ?"

"ಕೂಗ್ಕತದಲ್ಲ ಅಯ್ನೋರೆ! ಏರಿನಾಗೆ ಕೂಗ್ಕಳೋದ್ನ ಇನ್ನೂ ಒಡೀಲಾ? ಅಂಗೆ ಬಾರುಕೋಲು ಎತ್ತೋನು ಒಕ್ಕಲುಮಗನಾ?"

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯ ಕಾರಿಗೆ ನೋವಾದೀತು ಎಂದು ಅದನ್ನು ಓಡಲು ಬಿಟ್ಟೇ ಇರಲಿಲ್ಲ. ಆ ಎರಡನೇ ಗ್ಯಾಸ್ಕೆಟ್ ಬಂದದ್ದೂ ಅದೇ ಪ್ರೀತಿಯಿಂದ. ಆದರೂ ಹೇಳಲೇಬೇಕಿತ್ತು. "ಗೌಡ್ರೆ, ಕೂಗೋದು ನೋವಲ್ಲ. ಅದು ಹುಟ್ಟಿರೋದೇ ಹಾಗೆ ಕೂಗೋಕೆ. ಕಟಕಟ ಅನ್ನುತ್ತಲ್ಲ, ಅದು ನೋವು. ನಾಲ್ಕನೇ ಗೇರಲ್ಲಿ ಏರು ಹತ್ತಿಸಿ ಆ ನೋವು ಕೊಡ್ತಾ ಇರೋರು ನೀವೇ."

ಗೌಡರು ಕಾರು ನಿಲ್ಲಿಸಿ ಇಳಿದು ಹೋದರು. ಗದ್ದೆಯ ಬದುವಿನ ಮೇಲೆ ನನಗೆ ಬೆನ್ನು ಹಾಕಿ ಕೂತರು. ಇಷ್ಟು ಒರಟಾಗಿ ಹೇಳಬಾರದಿತ್ತೇನೋ ಎಂದು ನಾನು ಬೀಡಿ ಹಚ್ಚಿ ಕಾದೆ. ಒಂದು ಬಸ್ಸು ಹೋಯಿತು, ಇನ್ನೊಂದು ಬಂತು. ಕೊನೆಗೆ ಎದ್ದು ಬಂದು ಪಕ್ಕದ ಸೀಟಿನ ಬಾಗಿಲು ತೆರೆದರು.

"ನೀವು ಓಡ್ಸಿ. ನಾನು ಕೇಳುಸ್ಕತೀನಿ."

ಕಣ್ಣು ಮುಚ್ಚಿ ಕೂತರು. ನಾನು ದಿಣ್ಣೆಯನ್ನು ಎರಡನೇ ಗೇರಿನಲ್ಲಿ ಹತ್ತಿಸಿದೆ, ಇಳಿದು ಬಂದು ನಾಲ್ಕನೆಯದರಲ್ಲಿ ಹತ್ತಿಸಿದೆ, ಮತ್ತೆ ಎರಡನೆಯದರಲ್ಲಿ. "ಇನ್ನೊಂದ್ಕಿತ" ಎನ್ನುತ್ತಲೇ ಇದ್ದರು. ಪೆಟ್ರೋಲ್ ಮುಳ್ಳು ಕೆಳಗೆ ಬರುವವರೆಗೂ ಕೇಳಿದರು. ಆಮೇಲೆ ತಾವೇ ಸ್ಟೀರಿಂಗ್ ಹಿಡಿದರು. ಮೊದಲೆರಡು ದಿನ ಇಂಜಿನ್ ಚೀರಿದಾಗೆಲ್ಲ ಅವರ ಹೆಗಲು ಕುಗ್ಗುತ್ತಿತ್ತು, ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು. ಐವತ್ತು ದಾಟಿದ ಮೇಲೆ, ತಾನು ಇಷ್ಟು ದಿನ ದಯೆ ಎಂದುಕೊಂಡದ್ದು ದಯೆ ಅಲ್ಲವೆಂದು ಒಪ್ಪಿಕೊಂಡು ಕೈಯ ಅಭ್ಯಾಸವನ್ನೇ ಬದಲಾಯಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ನನ್ನ ಕೈಲಿ ಆಗುತ್ತಿರಲಿಲ್ಲ.

ಅವರ ಕೈ ಪಳಗಿದ ಮೇಲೆ ಕಿಡಿ ಹಾರುವ ಹೊತ್ತನ್ನು ಹೊಂದಿಸುವುದು ಸುಲಭವಾಯಿತು. ಅವರು ಓಡಿಸುವುದು, ನಾನು ಕೇಳುವುದು, ಹುಣಸೆಮರದ ನೆರಳಲ್ಲಿ ನಿಲ್ಲಿಸಿ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟೇ ಸರಿಸುವುದು. ಆ ಪೆಟ್ರೋಲಿಗೆ, ಆ ಏರಿಗೆ, ಆ ಕೈಗೆ ಹೊಂದುವ ಜಾಗವೊಂದು ಇತ್ತು, ಸಿಕ್ಕಿತು. ಕಾರು ಹೊಸದಾಗೇನೂ ಆಗಿರಲಿಲ್ಲ. ಅದನ್ನು ಮಾಡಿದವರು ಎಲ್ಲೋ ದೂರದಲ್ಲಿ ಎಂದೋ ಅದರೊಳಗೆ ಇಟ್ಟಿದ್ದೆಲ್ಲ ಹಾಗೇ ಇತ್ತು. ಆ ಕೆಲಸಗಾರರ ಬಗ್ಗೆ ನನಗೆ ತುಂಬ ಗೌರವ ಬಂತು. ಟ್ಯೂನಿಂಗ್ ದಂಡ ಎಂದಿದ್ದ ನನ್ನ ಮಾತನ್ನು ಗೌಡರ ಎದುರಿಗೇ ವಾಪಸು ತೆಗೆದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಏರಿನ ಬುಡದಲ್ಲಿ ಸಾಹುಕಾರರು ತಮ್ಮ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವೇ ಸ್ಟೀರಿಂಗ್ ಹಿಡಿದು ಕಾದಿದ್ದರು. ಒಳ್ಳೆಯ ಮನುಷ್ಯ, ಕಾರೆಂದರೆ ಹುಚ್ಚು. ಗೌಡರು ಅವರ ಕೈಗೆ ಗ್ಯಾಸ್ಕೆಟ್ ಕೊಟ್ಟು, "ಇದೊಂದ ತೆಗ್ದಿವ್ನಿ. ಒಸದಾಗಿ ಏನೂ ಆಕಿಲ್ಲ" ಅಂದರು. ಸಾಹುಕಾರರು ಅದನ್ನು ತಿರುಗಿಸಿ ನೋಡಿ ಜೋರಾಗಿ ನಕ್ಕರು. ನಾನು ಗೌಡರ ಪಕ್ಕ ಕೂತೆ.

ಹೊರಟೆವು. ಮೊದಲ ತಿರುವಿನಲ್ಲಿ ಸಾಹುಕಾರರ ಕಾರು ಸ್ವಲ್ಪ ಮುಂದೆ ಹೋಯಿತು. ಎರಡನೆಯದರಲ್ಲಿ ನಾವು ಅವರ ಬಂಪರಿನ ಹತ್ತಿರವೇ ಇದ್ದೆವು. ಗೌಡರ ಕೈ ಗೇರಿನ ಮೇಲಿರಲಿಲ್ಲ, ಹೆಗಲು ಕುಗ್ಗಿರಲಿಲ್ಲ. ಇಂಜಿನ್ ಒಂದೇ ಸಮ ಕೂಗುತ್ತಿತ್ತು, ಒಂದೇ ಒಂದು ಕಟ ಇಲ್ಲ. ಮುಂದಿದ್ದ ಕಾರಿನ ಕನ್ನಡಿಯಲ್ಲಿ ಸಾಹುಕಾರರು ಮತ್ತೆ ಮತ್ತೆ ನಮ್ಮನ್ನು ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ಗೆದ್ದೆವು ಎಂದುಕೊಂಡೆ.

ಕೊನೆಯ ತಿರುವಿನ ಕೆಳಗೆ ಒಂದು ಹುಲ್ಲಿನ ಗಾಡಿ ಏರುತ್ತಿತ್ತು. ಸಾಹುಕಾರರು ಹಾರ್ನ್ ಒತ್ತಿ ಪಕ್ಕದಲ್ಲಿ ನುಗ್ಗಿಸಿಕೊಂಡು ಹೋದರು. ಆ ಸೈಲೆನ್ಸರಿನ ಅಬ್ಬರಕ್ಕೆ ಎತ್ತುಗಳು ಬೆದರಿ ಒಂದು ಪಕ್ಕಕ್ಕೆ ಎಳೆದವು, ಗಾಡಿ ಹಿಂದಕ್ಕೆ ಜಾರತೊಡಗಿತು. ದಾಟಿ ಹೋಗಲು ಜಾಗವಿತ್ತು, ನಾನೇ ಕಂಡೆ. "ಹೋಗಿ ಗೌಡ್ರೆ, ಹೋಗಿ!" ಎಂದು ಕಿರುಚಿದೆ.

ಗೌಡರು ಬ್ರೇಕ್ ಒತ್ತಿದರು. ಕೈಬ್ರೇಕ್ ಎಳೆದು, ಬಾಗಿಲನ್ನು ಹಾಗೇ ಬಿಟ್ಟು ಓಡಿ, ರಸ್ತೆಬದಿಯ ಕಲ್ಲೊಂದನ್ನೆತ್ತಿ ಗಾಡಿಯ ಚಕ್ರಕ್ಕೆ ಕೊಟ್ಟರು. ಆಮೇಲೆ ಮುಂದೆ ಹೋಗಿ ನೊಗ ಹಿಡಿದು, ಎತ್ತುಗಳ ಗಂಗೆದೊಗಲು ಸವರಿ ಸಮಾಧಾನ ಮಾಡಿದರು. ಗಾಡಿಯವನಿಗೆ, "ಎದರ್ಕಬ್ಯಾಡ ಕಣ್ಲಾ, ನಿಂತ್ಕತು" ಅಂದರು. ಎತ್ತುಗಳ ಉಸಿರು ಇಳಿಯುವವರೆಗೂ ಅಲ್ಲೇ ನಿಂತಿದ್ದರು. ಬಂದು ಕೂತು, ಕಡಿದಾದ ಆ ಜಾಗದಲ್ಲಿ ನಿಂತಲ್ಲಿಂದ ಕಾರನ್ನು ಎಬ್ಬಿಸಿ, ಎರಡನೇ ಗೇರಿನಲ್ಲಿ ತುದಿಯವರೆಗೂ ಒಂದು ತಪ್ಪಿಲ್ಲದೆ ಹತ್ತಿಸಿದರು. ಅಂಥ ಓಟವನ್ನು ಆ ಕಾರು ಹಿಂದೆಂದೂ ಓಡಿರಲಿಕ್ಕಿಲ್ಲ.

ತುದಿಯಲ್ಲಿ ಇಳಿದವರೇ ಬೀಗದ ಕೈಯನ್ನು ಸಾಹುಕಾರರ ಕಡೆ ಚಾಚಿದರು.

"ಛೇ, ಇದು ಲೆಕ್ಕಕ್ಕಿಲ್ಲ. ಗಾಡಿ ಅಡ್ಡ ಬಂತು. ಇನ್ನೊಂದು ಸಲ ಹತ್ತೋಣ" ಎಂದರು ಸಾಹುಕಾರರು. ಅವರ ಮುಖದಲ್ಲಿ ನಾಚಿಕೆ ಇತ್ತು.

"ಕನ್ನಡಿನಾಗೆ ಕಂಡ್ನಾ?"

"ಇಲ್ಲ, ಆದರೆ..."

"ಮಾತಾಡ್ದಾಗ ಎತ್ತಿನ ಗಾಡಿ ಬಂದ್ರೆ ಅಂತ ನಾನು ಸೇರಿಸಿರ್ನಿಲ್ಲ. ಇಡ್ಕಳಿ."

ನನ್ನ ಸಿಟ್ಟು ನೆತ್ತಿಗೇರಿತು. ಹಾರ್ನ್ ಹೊಡೆದು ಎತ್ತು ಬೆದರಿಸಿದ್ದು ಯಾರು ಎಂದು ಸಾಹುಕಾರರ ಮೇಲೆ ಹಾರಿಬಿದ್ದೆ. ಮೂರು ವಾರದ ನನ್ನ ಕೆಲಸವನ್ನು ಹೀಗೆ ದಾನ ಮಾಡುತ್ತೀರಾ ಎಂದು ಗೌಡರ ಮೇಲೂ ಎಗರಿದೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಗೌಡರು ನನ್ನ ಬೆನ್ನ ಮೇಲೆ ಕೈಯಿಟ್ಟರು, ಆದರೆ ಚಾಚಿದ ಇನ್ನೊಂದು ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಸಾಹುಕಾರರು ಬೆಲೆ ಹೇಳಿ ಬೀಗದ ಕೈ ತೆಗೆದುಕೊಂಡರು. ಅವರಿಗೂ ಆ ಕಾರು ಬೇಕಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

"ಇದಕ್ಕೆ ಇನ್ನೇನು ಸಾಮಾನು ಹಾಕಿಸಬಹುದು?" ಎಂದು ನನ್ನನ್ನು ಕೇಳಿದರು.

"ಏನೂ ಬೇಡ. ಹೀಗೇ ಇರಲಿ" ಅಂದೆ.

ಗೌಡರು ಅವರನ್ನು ಸೀಟಿನಲ್ಲಿ ಕೂರಿಸಿ, ಕಿಟಕಿಗೆ ಬಗ್ಗಿ ಹೇಳಿದರು. "ಏರಿನಾಗೆ ಗೇರು ಏರಿಸ್ಬ್ಯಾಡಿ. ಕೂಗ್ತದೆ ಅಂತ ಎದರ್ಕಬ್ಯಾಡಿ. ಕೂಗ್ಲಿ ಬುಡಿ, ಅದುಕ್ಕೆ ಕುಸಿ." ಬಾಗಿಲನ್ನು ಮೆಲ್ಲಗೆ ಹಾಕಿದರು.

ಸಾಹುಕಾರರ ಡ್ರೈವರು ಅವರ ಕಾರನ್ನು ತೆಗೆದುಕೊಂಡು ಮೊದಲು ಹೊರಟ. ಅದರ ಹಿಂದೆ ಹಸಿರು ಕಾರು ಮಳವಳ್ಳಿ ರಸ್ತೆಗೆ ಇಳಿಯಿತು. ನಾವಿಬ್ಬರೂ ಅಲ್ಲೇ ನಿಂತು ಕೇಳಿಸಿಕೊಂಡೆವು. ಸ್ವಲ್ಪ ದೂರದಲ್ಲಿ ಒಂದು ದಿಣ್ಣೆ ಬರುತ್ತದೆ. ಅಲ್ಲಿ ಇಂಜಿನ್ನಿನ ದನಿ ಕುಗ್ಗಿತು, ಗುಂಯ್‌ಗುಟ್ಟುತ್ತಾ ತೆವಳಿತು. ಗೌಡರ ಎಡಗೈ ಬೆರಳುಗಳು ಗೇರು ಹಿಡಿದ ಹಾಗೆ ಮಡಚಿಕೊಂಡವು. ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಗೇರು ಕೆಳಗಿಳಿದು, ದನಿ ಏರಿ, ಕಾರು ಚೊಕ್ಕವಾಗಿ ಕೂಗುತ್ತಾ ದಿಣ್ಣೆ ದಾಟಿತು.

"ಕಲ್ತ್ಕತಾನೆ ಬುಡಿ" ಅಂದರು ಗೌಡರು, ಬಸ್ಸು ನಿಲ್ಲುವ ಜಾಗದ ಕಡೆ ಹೊರಡುತ್ತಾ.